ಬಾಯಿ ಕಟ್ಟುವ ಮೊದಲು ಮೂಗು ಬಿಡಿಸಿ

ತಮಿಳುನಾಡಿನ ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು, ಬೋಡಿ ಕಡೆಯ ಕನ್ನಡ ಮಾತಿನ ಒಕ್ಕಲಿಗರ ಮನೆಗಳಲ್ಲಿ, ದಿಂಡಿಗಲ್ ಸುತ್ತಿನ ಊರುಗಳಲ್ಲಿ, ಈಗ ಮಂಚದ ಪಕ್ಕ, ನಿದ್ರೆಯಲ್ಲಿ ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಡುವ ಸಿಪ್ಯಾಪ್ ಯಂತ್ರ ಕಾಣುವುದು ಅಪರೂಪವಲ್ಲ. ಆದರೆ ಎಷ್ಟೋ ಯಂತ್ರಗಳು ಬಟ್ಟೆ ಹೊದ್ದು ಸುಮ್ಮನೆ ಕೂತಿವೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ನಡುರಾತ್ರಿಗೆ ಬಾಯಿ ತೆರೆದುಕೊಳ್ಳುತ್ತದೆ, ಗಾಳಿಯೆಲ್ಲ ಬಾಯಿಂದ ಹೊರಗೆ ಹೋಗುತ್ತದೆ, ಬೆಳಗಾಗುವಷ್ಟರಲ್ಲಿ ನಾಲಿಗೆ ಒಣಗಿ ಅಂಗುಳಿಗೆ ಅಂಟಿರುತ್ತದೆ. ಇದಕ್ಕೆ ಪರಿಹಾರವೆಂದು ಒಬ್ಬರು ಮಾಸ್ಕಿನ ಪಟ್ಟಿ ಬಿಗಿದಿರುತ್ತಾರೆ, ಇನ್ನೊಬ್ಬರು ಮೊಬೈಲಿನ ವಿಡಿಯೊ ನೋಡಿ ಬಾಯಿಗೆ ಪ್ಲಾಸ್ಟರ್ ಅಂಟಿಸಿರುತ್ತಾರೆ. ಇವರಲ್ಲಿ ಹೆಚ್ಚಿನವರು ಮೂಗನ್ನು ಪರೀಕ್ಷಿಸಿಯೇ ಇರುವುದಿಲ್ಲ. ಅದನ್ನು ಸರಿಪಡಿಸಲೆಂದೇ ಈ ಬರಹ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದೇ ಸ್ಲೀಪ್ ಆಪ್ನಿಯಾ. ಮೂಗಿನ ಮೂಲಕ ಒತ್ತಡದ ಗಾಳಿ ಬಿಟ್ಟು ಆ ದಾರಿಯನ್ನು ತೆರೆದಿಡಬಹುದೆಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ಇಂದಿನ ಸಿಪ್ಯಾಪ್ ಯಂತ್ರಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಕೊಡುತ್ತವೆ. ಬಾಯಿ ಮುಚ್ಚಿದ್ದರೆ ನಾಲಿಗೆ ಮತ್ತು ಮೆದು ಅಂಗುಳು ಸೇರಿ ಗಾಳಿ ಬಾಯಿಗೆ ಬರದಂತೆ ತಡೆಯುತ್ತವೆ. ಬಾಯಿ ತೆರೆದರೆ ಆ ತಡೆ ಹೋಗುತ್ತದೆ, ಒತ್ತಡ ಇಳಿಯುತ್ತದೆ, ಗೊರಕೆ ಮರಳುತ್ತದೆ. ಅಷ್ಟೇ ಅಲ್ಲ. ಮೂಗಿನಿಂದ ಒಳಗೆ ಹೋದ ಗಾಳಿ ಬಾಯಿಂದಲೇ ಹೊರಬೀಳುವಾಗ ಮೂಗಿನ ಒಳಪದರಕ್ಕೆ ತೇವ ಮರಳಿ ಸಿಗುವುದಿಲ್ಲ. ಅದು ಒಣಗಿ ಊದಿಕೊಳ್ಳುತ್ತದೆ, ಮೂಗು ಇನ್ನಷ್ಟು ಕಟ್ಟುತ್ತದೆ, ಬಾಯಿ ಇನ್ನಷ್ಟು ತೆರೆಯುತ್ತದೆ. ಈ ಸುತ್ತನ್ನು ಮುರಿಯಬೇಕಾದರೆ ಮೂಗಿನಿಂದಲೇ ಶುರುಮಾಡಬೇಕು.

ಮೊದಲು: ಸೋರಿಕೆ ಎಲ್ಲಿಂದ?

ಮಾಸ್ಕಿನ ಅಂಚಿನಿಂದ ಸೋರುವುದು ಬೇರೆ, ಬಾಯಿಂದ ಸೋರುವುದು ಬೇರೆ. ಮಲಗುವ ಭಂಗಿಯಲ್ಲೇ ಯಂತ್ರ ಹಾಕಿ, ಬಾಯಿ ಮುಚ್ಚಿ, ಮಾಸ್ಕಿನ ಸುತ್ತ ಒದ್ದೆ ಬೆರಳು ಆಡಿಸಿ. ಕಣ್ಣಿನ ಕಡೆಗೋ ಮೇಲ್ತುಟಿಯ ಮೇಲೋ ತಣ್ಣನೆಯ ಗಾಳಿ ತಾಗಿದರೆ ಅದು ಮಾಸ್ಕಿನ ದೋಷ. ಮಾಸ್ಕಿನ ಮುಂದಿರುವ ಸಣ್ಣ ತೂತುಗಳಿಂದ ಬರುವ ಗಾಳಿ ದೋಷವಲ್ಲ, ನೀವು ಬಿಟ್ಟ ಉಸಿರು ಹೊರಹೋಗಲು ಇಟ್ಟಿರುವ ದಾರಿ ಅದು. ಅದನ್ನು ಮುಚ್ಚಬೇಡಿ. ಎಚ್ಚರವಿದ್ದಾಗ ಎಲ್ಲ ಸರಿಯಿದ್ದು, ಬೆಳಿಗ್ಗೆ ಬಾಯಿ ಒಣಗಿದ್ದರೆ, ದಿಂಬು ಜೊಲ್ಲಿನಿಂದ ಒದ್ದೆಯಾಗಿದ್ದರೆ, ರಾತ್ರಿ ನಿಮ್ಮ ತುಟಿ 'ಫುರ್ರ್' ಎನ್ನುತ್ತದೆ ಎಂದು ಮನೆಯವರು ಹೇಳಿದರೆ ಅದು ಬಾಯಿ ಸೋರಿಕೆ. ಪಕ್ಕದಲ್ಲಿ ಮಲಗುವವರನ್ನು ತಪ್ಪದೆ ಕೇಳಿ. ಯಂತ್ರ ಹೇಳದ್ದನ್ನು ಅವರು ಹೇಳುತ್ತಾರೆ.

ಹಲವು ಯಂತ್ರಗಳ ಪರದೆಯಲ್ಲಿ ಸೋರಿಕೆಯ ಅಂಕಿಯೂ ಇರುತ್ತದೆ. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಹೆಚ್ಚು ಎಂದು ಲೆಕ್ಕ. ಬೇರೆ ಕಂಪನಿಗಳ ಲೆಕ್ಕದ ರೀತಿ ಬೇರೆಯಾದ್ದರಿಂದ ನೆರೆಮನೆಯವರ ಯಂತ್ರದ ಅಂಕಿಯೊಡನೆ ನಿಮ್ಮದನ್ನು ಹೋಲಿಸಬೇಡಿ. ಒಂದು ವಾರದ ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದೆ ಏನು ಬದಲಿಸಿದರೂ ಫಲ ಇದರಲ್ಲೇ ಗೊತ್ತಾಗಬೇಕು.

ಆಮೇಲೆ: ಮೂಗು

ಯಂತ್ರವಿಲ್ಲದೆ ಅಂಗಾತ ಮಲಗಿ ಬಾಯಿ ಮುಚ್ಚಿ ಮೂರು ನಿಮಿಷ ಮೂಗಿನಿಂದಲೇ ಉಸಿರಾಡಿ. ನಂತರ ಒಂದೊಂದೇ ಹೊಳ್ಳೆ ಒತ್ತಿ ಇನ್ನೊಂದರಿಂದ ಉಸಿರೆಳೆಯಿರಿ. ಕುಳಿತಾಗ ಸರಿಯಿದ್ದ ಮೂಗು ಮಲಗಿದಾಗ ಕಟ್ಟುವುದುಂಟು, ಹಾಗಾಗಿ ಮಲಗಿಯೇ ನೋಡಬೇಕು. ಮೂರು ನಿಮಿಷದೊಳಗೆ ಬಾಯಿ ತೆರೆಯಲೇಬೇಕು ಅನ್ನಿಸಿದರೆ ನಿಮ್ಮ ತೊಂದರೆ ಬಾಯಲ್ಲಿಲ್ಲ. ಕಟ್ಟಿದ ಮೂಗಿಗೆ ಮಾಸ್ಕ್ ಹಾಕಿ ಬಾಯಿ ಮುಚ್ಚಿಸಲು ಹೊರಟರೆ ಆ ಮನುಷ್ಯ ಎಲ್ಲಿಂದ ಉಸಿರಾಡಬೇಕು?

ನಮ್ಮ ಕಂಬಂ ಕಣಿವೆಯಲ್ಲಿ ಮೂಗು ಕಟ್ಟಲು ಕಾರಣಗಳಿಗೆ ಬರವಿಲ್ಲ. ಆಷಾಢದ ಗಾಳಿ ತೇನಿ, ಆಂಡಿಪಟ್ಟಿ ಸುತ್ತಿನ ಗಾಳಿಯಂತ್ರಗಳನ್ನು ತಿರುಗಿಸುವಾಗ ದೂಳನ್ನೂ ಮನೆಯೊಳಗೆ ತರುತ್ತದೆ. ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುತ್ತಾರೆ. ನೂಲಿನ ಗಿರಣಿಗಳಲ್ಲಿ ಹತ್ತಿಯ ದೂಳು. ಸಂಜೆಯಾದರೆ ಮನೆಯಲ್ಲಿ ಸಾಂಬ್ರಾಣಿ, ಮಲಗುವಾಗ ಸೊಳ್ಳೆ ಬತ್ತಿ. ಯಂತ್ರ ಕೋಣೆಯ ಗಾಳಿಯನ್ನೇ ಎಳೆದು ನಿಮ್ಮ ಮೂಗಿಗೆ ತಳ್ಳುತ್ತದೆ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ. ಯಂತ್ರದ ಹಿಂದಿನ ಬಿಳಿ ಫಿಲ್ಟರನ್ನು ಗಾಳಿಯ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ, ತೊಳೆದು ಹಾಕಬೇಡಿ.

ದಿನವೂ ಮಲಗುವ ಮುಂಚೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಅಗ್ಗದ, ಒಳ್ಳೆಯ ಉಪಾಯ. ಕಾಲು ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು: ಕುದಿ ಬಂದ ಮೇಲೆ ಒಂದು ನಿಮಿಷ, ಕೊಡೈಕೆನಾಲ್‌ನಂಥ ಎತ್ತರದಲ್ಲಿ ಮೂರು ನಿಮಿಷ. ನಲ್ಲಿ, ಬಾವಿ, ಕಾಲುವೆಯ ನೀರನ್ನು ನೇರವಾಗಿ ಮೂಗಿಗೆ ಬಿಡಲೇಬೇಡಿ. ಬೆಟ್ಟದಾಚೆಯ ಕೇರಳದಲ್ಲಿ 2024ರಿಂದೀಚೆಗೆ ಮಿದುಳು ತಿನ್ನುವ ಅಮೀಬಾದಿಂದ ಜೀವಗಳು ಹೋಗಿವೆ, ಆ ಅಮೀಬಾ ಮೂಗಿನ ದಾರಿಯಲ್ಲೇ ಒಳನುಗ್ಗುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವ ತಪ್ಪು: ಮೂಗಿನ ಹನಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ, ಆಕ್ಸಿಮೆಟಾಜೋಲಿನ್ ಅಥವಾ ಝೈಲೊಮೆಟಾಜೋಲಿನ್ ಇರುವ ಹನಿ. ಹಾಕಿದ ಕೆಲವೇ ನಿಮಿಷಕ್ಕೆ ಮೂಗು ತೆರೆದುಕೊಳ್ಳುತ್ತದೆ, ಆ ರಾತ್ರಿ ಬಾಯಿ ತೆರೆಯುವುದಿಲ್ಲ, ಸೋರಿಕೆಯ ಅಂಕಿ ಇಳಿಯುತ್ತದೆ. ಮದ್ದು ಸಿಕ್ಕಿತೆಂದು ರೋಗಿಗೆ ಖುಷಿ. ಮರುದಿನವೂ ಹಾಕುತ್ತಾರೆ, ವಾರವಿಡೀ ಹಾಕುತ್ತಾರೆ. ಈ ಹನಿ ಮೂಗಿನೊಳಗಿನ ರಕ್ತನಾಳಗಳನ್ನು ಬಲವಂತವಾಗಿ ಕುಗ್ಗಿಸುತ್ತದೆ. ಅದರ ಪ್ರಭಾವ ಇಳಿದಾಗ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬುತ್ತವೆ. ಮೂರರಿಂದ ಐದು ದಿನ ದಾಟಿದರೆ ಹನಿಯೇ ಮೂಗು ಕಟ್ಟಿಸಲು ಶುರುಮಾಡಬಹುದು. ಆಮೇಲೆ ಹನಿ ಇಲ್ಲದೆ ನಿದ್ರೆಯಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿಂಬಿನ ಕೆಳಗೆ ಆ ಸೀಸೆ ಇಟ್ಟುಕೊಂಡೇ ಮಲಗುವವರಿದ್ದಾರೆ. ಸಿಪ್ಯಾಪ್ ಹಾಕುವವರಲ್ಲಿ ಬಿ.ಪಿ. ಇರುವವರು ಬಹಳ, ಅವರಿಗಂತೂ ಈ ಹನಿ ಇನ್ನಷ್ಟು ಕೆಡುಕು. ನೆಗಡಿಯಾದಾಗ ಮೂರು ದಿನ, ಅದೂ ವೈದ್ಯರನ್ನು ಕೇಳಿ. ಈಗಾಗಲೇ ಚಟವಾಗಿದ್ದರೆ ಹೇಳಲು ನಾಚಿಕೆಪಡಬೇಡಿ. ವೈದ್ಯರ ಸಲಹೆಯಂತೆ ಸ್ಟೀರಾಯ್ಡ್ ಸ್ಪ್ರೇ ಜೊತೆಗಿಟ್ಟು, ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೆ ನಿಲ್ಲಿಸುವ ದಾರಿಯಿದೆ.

ಸ್ಟೀರಾಯ್ಡ್ ಸ್ಪ್ರೇ ಹೆಸರು ಕೇಳಿ ಹೆದರುವವರು ತುಂಬ. ಫ್ಲುಟಿಕಸೋನ್, ಮೊಮೆಟಸೋನ್‌ನಂಥವು ಹನಿಯ ಹಾಗೆ ತಕ್ಷಣ ಕೆಲಸ ಮಾಡುವುದಿಲ್ಲ. ಪೂರ್ತಿ ಗುಣ ಕಾಣಲು ಎರಡು ವಾರವೂ ಬೇಕಾಗಬಹುದು. ಎರಡೇ ದಿನ ಹಾಕಿ 'ಇದರಿಂದ ಏನೂ ಆಗಲಿಲ್ಲ' ಎಂದು ಮತ್ತೆ ಹನಿಗೆ ಹೋಗುವುದೇ ಸೋಲಿನ ಮೂಲ. ಹಾಕುವ ಕ್ರಮವೂ ಮುಖ್ಯ. ಮೂಗು ತೊಳೆದು ಹತ್ತು ಹದಿನೈದು ನಿಮಿಷ ಬಿಟ್ಟು, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಿವಿಯ ಕಡೆಗೆ ಮುಖಮಾಡಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಒಸರುತ್ತದೆ. ಜೋರಾಗಿ ಸೆಳೆದುಕೊಳ್ಳಬೇಡಿ, ಮದ್ದು ಗಂಟಲಿಗೆ ಇಳಿದುಹೋಗುತ್ತದೆ.

ಇಷ್ಟಾದರೂ ಒಂದೇ ಹೊಳ್ಳೆ ಸದಾ ಕಟ್ಟಿರುವುದಾದರೆ ನಡುಗೋಡೆ ಸೊಟ್ಟಗಿರಬಹುದು, ಒಳಗೆ ಪಾಲಿಪ್ ಬೆಳೆದಿರಬಹುದು. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಅದಕ್ಕೆ ಮದುರೈಗೇ ಹೋಗಬೇಕೆಂದಿಲ್ಲ, ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು.

ತೇವದ ಡಬ್ಬಿ

ಯಂತ್ರಕ್ಕೆ ಬಿಸಿ ಹ್ಯೂಮಿಡಿಫೈಯರ್ ಇದ್ದರೂ ನೀರು ಹಾಕುವ ಗೋಜೆಂದು ಖಾಲಿ ಓಡಿಸುವವರಿದ್ದಾರೆ. ಖಾಲಿ ಡಬ್ಬಿಯಿಂದ ಬರುವ ಒಣಗಾಳಿ ಮೂಗನ್ನು ಕಟ್ಟಿಸುತ್ತದೆ. ಮೆಡಿಕಲ್ ಶಾಪಿನ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರಿನಿಂದ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಬ್ಯಾಟರಿಗೆ ಹಾಕಲು ಮಾರುವ ನೀರು ಉಸಿರಾಟಕ್ಕಾಗಿ ತಯಾರಾದದ್ದಲ್ಲ, ಅದು ಬೇಡ. ನೀಲಗಿರಿ ಎಣ್ಣೆ, ವಿಕ್ಸ್, ಕರ್ಪೂರ ಯಾವುದನ್ನೂ ಡಬ್ಬಿಗೆ ಹಾಕಬೇಡಿ. ಕೊಡೈಕೆನಾಲ್‌ನಿಂದ ತಂದ ನೀಲಗಿರಿ ಎಣ್ಣೆ ಎಷ್ಟೇ ಶುದ್ಧವಾಗಿರಲಿ, ರಾತ್ರಿಯಿಡೀ ಒತ್ತಡದ ಗಾಳಿಯೊಡನೆ ಶ್ವಾಸಕೋಶಕ್ಕೆ ಹೋಗಬಾರದು. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಡಬ್ಬಿ ತೊಳೆದು ಒಣಗಿಸಿ. ಚಳಿಗಾಲದಲ್ಲಿ ಪೈಪಿನೊಳಗೆ ನೀರು ಹನಿಗಟ್ಟಿ ಮೂಗಿಗೆ ಬಂದರೆ ಪೈಪಿಗೆ ಬಟ್ಟೆಯ ಹೊದಿಕೆ ಹಾಕಿ, ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿಡಿ.

ಮಾಸ್ಕ್ ಮತ್ತು ಗದ್ದ

ಮಾಸ್ಕನ್ನು ಮಲಗಿಯೇ, ಗಾಳಿ ಬರುತ್ತಿರುವಾಗಲೇ ಹೊಂದಿಸಿ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಬಾಯಿಯ ಸೋರಿಕೆ ಮಾಸ್ಕ್ ಬಿಗಿದರೆ ನಿಲ್ಲುವುದಿಲ್ಲ, ಮೂಗಿನ ಮೇಲೆ ಹುಣ್ಣಾಗುವುದಷ್ಟೇ ಲಾಭ. ಮುಖಕ್ಕೆ ಎಣ್ಣೆ ಹಚ್ಚಿ ಮಲಗುವ ಅಭ್ಯಾಸವಿದ್ದರೆ ಬಿಡಿ, ಸಿಲಿಕಾನ್ ಜಾರುತ್ತದೆ. ದಿನವೂ ಮುಖವನ್ನೂ ಮಾಸ್ಕಿನ ಮೆತ್ತೆಯನ್ನೂ ಸಾಬೂನಿನಿಂದ ತೊಳೆಯಿರಿ. ಎರಡೂ ಕಡೆ ಮೂಗುತಿ ಇರುವ ಅಜ್ಜಿಯರಿಗೆ ಹೊಳ್ಳೆಗೆ ಸಿಕ್ಕಿಸುವ ಚಿಕ್ಕ ಮಾಸ್ಕ್ ಒಗ್ಗುವುದಿಲ್ಲ, ಮೂಗನ್ನು ಪೂರ್ತಿ ಮುಚ್ಚುವ ಮಾಸ್ಕ್ ಕೇಳಿ ಪಡೆಯಿರಿ. ಮೂಗುತಿ ತೆಗೆಯಿರಿ ಎಂದು ಒತ್ತಾಯಿಸಿದರೆ ಅವರು ಯಂತ್ರವನ್ನೇ ಬಿಡುತ್ತಾರೆ.

ನಾಲಿಗೆಗೂ ಪಾಠ ಬೇಕು. 'ನ್' ಎಂದು ಹೇಳಿ ನಾಲಿಗೆಯ ತುದಿಯನ್ನು ಅಲ್ಲೇ, ಮೇಲಿನ ಹಲ್ಲುಗಳ ಹಿಂದೆ, ನಿಲ್ಲಿಸಿ. ಉಳಿದ ನಾಲಿಗೆಯನ್ನು ಅಂಗುಳಿಗೆ ಒತ್ತಿ ತುಟಿ ಮುಚ್ಚಿ. ಸಂಜೆ ಟಿ.ವಿ. ನೋಡುವಾಗ ಮಾಸ್ಕ್ ಹಾಕಿ ಅರ್ಧ ಗಂಟೆ ಹೀಗೆ ಕುಳಿತು ಅಭ್ಯಾಸ ಮಾಡಿದರೆ ನಿದ್ರೆಗೆ ಜಾರುವಾಗಲೂ ನಾಲಿಗೆ ಅಲ್ಲೇ ಉಳಿಯಲು ಕಲಿಯಬಹುದು. ಅಂಗಾತ ಮಲಗಿದರೆ ದವಡೆ ಬೀಳುತ್ತದೆ, ಮಗ್ಗುಲಾಗಿ ಮಲಗಿ.

ಇಷ್ಟಾದರೂ ಬಾಯಿ ತೆರೆದರೆ ಗದ್ದದ ಪಟ್ಟಿ. ಅದು ದವಡೆಯನ್ನು ನೆತ್ತಿಯ ಕಡೆಗೆ ಎತ್ತಬೇಕು, ಹಿಂದಕ್ಕೆ ಎಳೆಯಬಾರದು. ಹಿಂದಕ್ಕೆ ಎಳೆದರೆ ನಾಲಿಗೆಯೂ ಹಿಂದೆ ಸರಿದು ಗಂಟಲಿನ ದಾರಿ ಮತ್ತೆ ಕಿರಿದಾಗುತ್ತದೆ. ಪ್ರಯತ್ನಪಟ್ಟರೆ ಬಾಯಿ ತೆರೆಯುವಷ್ಟು ಸಡಿಲವಿರಲಿ. ಟವೆಲನ್ನೋ ಪಂಚೆಯ ತುಂಡನ್ನೋ ಕಟ್ಟಬೇಡಿ. ಹತ್ತಿ ಬಟ್ಟೆ ಹಿಗ್ಗುವುದಿಲ್ಲ. ಜೊತೆಗೆ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟುವುದು ಹೆಣಕ್ಕೆ ಎಂದು ಮನೆಯ ಹಿರಿಯರು ನೊಂದುಕೊಳ್ಳುತ್ತಾರೆ. ಆ ನೋವನ್ನು ಮೌಢ್ಯವೆಂದು ತಳ್ಳಿಹಾಕಬಾರದು, ಗಂಡನನ್ನು ಹಾಗೆ ನೋಡುತ್ತ ರಾತ್ರಿ ಮಲಗುವುದು ಯಾರಿಗಾದರೂ ಕಷ್ಟ. ಬಣ್ಣದ, ಹಿಗ್ಗುವ ಪಟ್ಟಿಗಳು ಸಿಗುತ್ತವೆ.

ಬಾಯಿಗೆ ಪ್ಲಾಸ್ಟರ್ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಮೂಗಿನ ಮಾಸ್ಕ್ ಹಾಕಿದವರಿಗೆ ಕರೆಂಟು ಹೋಗಿ ಯಂತ್ರ ನಿಂತಾಗ ಬಾಯಿಯೇ ಉಸಿರಿನ ದಾರಿ. ವಾಂತಿಯಾದರೆ ಅದೂ ಬಾಯಿಂದಲೇ ಬರಬೇಕು. ಕುಡಿದವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು, ಮೂರ್ಛೆ ರೋಗದವರು, ಕೈ ಎತ್ತಿ ಪ್ಲಾಸ್ಟರ್ ಕಿತ್ತುಕೊಳ್ಳಲಾಗದ ವೃದ್ಧರು, ಮಕ್ಕಳು ಅದರ ಹತ್ತಿರವೂ ಹೋಗಬಾರದು.

ಉಳಿದದ್ದು, ಚಿಕ್ಕದಾಗಿ

ಒತ್ತಡ ಹೆಚ್ಚಾದರೂ ಬಾಯಿ ತೆರೆಯುತ್ತದೆ, ಕಡಿಮೆಯಾದರೂ ತೆರೆಯುತ್ತದೆ. ಹೊಟ್ಟೆ ಉಬ್ಬರಿಸಿದರೆ ಹೆಚ್ಚಾಗಿರಬಹುದು, ಗೊರಕೆ ಉಳಿದಿದ್ದರೆ ಕಡಿಮೆಯಾಗಿರಬಹುದು. ನೀವಾಗಿ ಬದಲಿಸಬೇಡಿ, ವೈದ್ಯರಿಗೆ ಹೇಳಿ. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯ ಹಲವು ಯಂತ್ರಗಳಲ್ಲಿದೆ, ಅದನ್ನೂ ಕೇಳಿ. ರಾತ್ರಿ ಹಲ್ಲುಸೆಟ್ಟು ತೆಗೆದಿಡುವವರ ದವಡೆ ಹೆಚ್ಚು ಕುಸಿಯುತ್ತದೆ, ದಂತವೈದ್ಯರ ಜೊತೆ ಮಾತಾಡಿ. ಮೂಗು ಸರಿಯಾಗಿಯೂ ಒಂದೆರಡು ತಿಂಗಳಲ್ಲಿ ಅಂಕಿ ಇಳಿಯದಿದ್ದರೆ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಇದ್ದೇ ಇದೆ. ಅದು ದೊಡ್ಡದು, ಅದಕ್ಕೆ ಒತ್ತಡವೂ ಹೆಚ್ಚು ಬೇಕಾಗಬಹುದು, ಆದ್ದರಿಂದ ಕೊನೆಯ ಆಯ್ಕೆ. ವೈದ್ಯರನ್ನು ಕಾಣಲು ಮದುರೈಗೇ ಹೋಗುವುದಾದರೆ, ಕಂಬಂನಿಂದ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಬಸ್ಸು ಹತ್ತುವ ಮೊದಲು ಯಂತ್ರ, ಮಾಸ್ಕ್, ಯಂತ್ರದ ಮೆಮೊರಿ ಕಾರ್ಡ್, ಅಂಕಿ ಬರೆದ ಕ್ಯಾಲೆಂಡರ್, ಬಳಸುತ್ತಿರುವ ಮೂಗಿನ ಮದ್ದುಗಳ ಸೀಸೆಗಳು, ಇಷ್ಟನ್ನೂ ಚೀಲಕ್ಕೆ ಹಾಕಿಕೊಳ್ಳಿ. ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ.