ರೀಇಷ್ಯೂ ಆಂಪ್ ಕೊಳ್ಳುವ ಮುನ್ನ

ಮಾರ್ಷಲ್ ಜೆಸಿಎಂ 800ರ ರೀಇಷ್ಯೂಗಾಗಿ ದುಡ್ಡು ಕೂಡಿಡುತ್ತಿದ್ದೀಯಂತೆ. ಸಂತೋಷ ಕಣಪ್ಪ. ಆಂಪ್ ಕೂಡ ಗಿಟಾರಿನಷ್ಟೇ ಮುಖ್ಯವಾದ ವಾದ್ಯ ಎಂದು ನಂಬಿದವನು ನಾನು. ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೋ. ನಿನಗೆ ಬೇಕಾಗಿರುವುದು ಆ ಹಳೆಯ ಪೆಟ್ಟಿಗೆಯೋ, ಅದು ನಿನ್ನ ಬೆರಳಿಗೆ ಕೊಡುವ ಉತ್ತರವೋ?

‘ಥೇಟ್ ಹಳೆಯದರ ಹಾಗೇ ಇರಬೇಕು’ ಎಂದು ಎಲ್ಲರೂ ಕೇಳುತ್ತಾರೆ. ಯಾವ ಹಳೆಯದು? 100 ವಾಟಿನ 2203 ಮಾದರಿ ಹುಟ್ಟಿದ್ದು 1970ರ ದಶಕದ ಮಧ್ಯದಲ್ಲಿ, ಜೆಸಿಎಂ 800 ಎಂಬ ಹೆಸರು ಪಡೆದದ್ದು 1981ರಲ್ಲಿ. ಇಂಗ್ಲೆಂಡಿನಲ್ಲಿ ಮಾರಾಟವಾದವಕ್ಕೆ ಇಎಲ್34 ವಾಲ್ವ್ ಇತ್ತು, ಅಮೆರಿಕಕ್ಕೆ ಹೋದ ಎಷ್ಟೋ ಆಂಪ್‌ಗಳಿಗೆ 6550. ಎರಡರ ದನಿಯೂ ಬೇರೆ. ಸಾಲದ್ದಕ್ಕೆ ಬಿಡಿಭಾಗಗಳ ಅಳತೆಯಲ್ಲಿ ಆಗ ಹೆಚ್ಚುಕಮ್ಮಿ ಇದ್ದೇ ಇರುತ್ತಿತ್ತು, ಹಾಗಾಗಿ ಅಕ್ಕಪಕ್ಕದಲ್ಲಿ ತಯಾರಾದ ಎರಡು ಆಂಪ್‌ಗಳೂ ಒಂದೇ ಥರ ಮಾತಾಡುತ್ತಿರಲಿಲ್ಲ. ಹಳೆಯವೆಲ್ಲ ಕೈಯಲ್ಲೇ ವೈರ್ ಬೆಸೆದು ಮಾಡಿದವು ಎಂಬ ಮಾತನ್ನೂ ನಂಬಬೇಡ. ಹಳೆಯ ಜೆಸಿಎಂ 800 ಒಳಗಿದ್ದದ್ದೂ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡೇ.

ಹಾಗಾದರೆ ಹಿಡಿದುಕೊಳ್ಳಬೇಕಾದ್ದು ಏನನ್ನು? ಸರ್ಕ್ಯೂಟನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2203ರಲ್ಲಿ ಗಿಟಾರಿನ ಸಿಗ್ನಲ್ ಒಂದಾದ ಮೇಲೊಂದು ಇಸಿಸಿ83 ವಾಲ್ವಿನ ಹಂತಗಳನ್ನು ದಾಟಿ ಬರುತ್ತದೆ. ಒಂದು ಹಂತದ ಕ್ಯಾಥೋಡಿಗೆ 2,700 ಓಂ ರೆಸಿಸ್ಟರ್, ಮತ್ತೊಂದಕ್ಕೆ 820. ನಡುವಿನ ಹಂತಕ್ಕೆ ಮಾತ್ರ 10,000 ಓಂ. ಅಷ್ಟು ದೊಡ್ಡ ರೆಸಿಸ್ಟರ್ ಹಾಕಿದರೆ ವಾಲ್ವ್ ಹೆಚ್ಚುಕಮ್ಮಿ ಮುಚ್ಚಿಕೊಂಡೇ ಕೂತಿರುತ್ತದೆ, ಅಲೆಯ ಒಂದು ಬದಿ ಇನ್ನೊಂದು ಬದಿಗಿಂತ ಮೊದಲೇ ಕತ್ತರಿಸಿಹೋಗುತ್ತದೆ. ಪಾಮ್ ಮ್ಯೂಟ್ ಮಾಡಿ ದಪ್ಪ ತಂತಿ ಮೀಟಿದಾಗ ಕೇಳುವ ಆ ಗುರುಗುಟ್ಟುವಿಕೆ, ರಾಡಿಯಾಗದ ಆ ಬಿಗಿ, ಬಹುಪಾಲು ಅಲ್ಲಿಂದ ಬರುವಂಥದ್ದು. ಆಂಪ್ ತಯಾರಕ ಮೈಕ್ ಸೊಲ್ಡಾನೊ 1987ರ ತನ್ನ ಎಸ್‌ಎಲ್‌ಒ-100ರಲ್ಲಿ ಇದೇ ಉಪಾಯವನ್ನು 39,000 ಓಂವರೆಗೆ ಒಯ್ದ. ಮೆಸಾ ಕಂಪನಿಯ ರೆಕ್ಟಿಫೈಯರ್ ಆಂಪ್ ಕೂಡ ಅದೇ ದಾರಿ ಹಿಡಿಯಿತು. ರೀಇಷ್ಯೂ ಮಾಡುವವರು ಇಂಥದ್ದನ್ನು ಮುಟ್ಟಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಮುಟ್ಟಬಾರದು. ಅಗ್ಗದ್ದು ಹಾಕಿದರೆ ಕೆಳಸ್ಥಾಯಿ ಸಡಿಲವಾಗುತ್ತದೆ, ಕಿವಿ ಇದ್ದವರಿಗೆ ಒಂದೇ ಮೀಟಿಗೆ ಗೊತ್ತಾಗುತ್ತದೆ.

ಉಳಿದದ್ದನ್ನು ಬದಲಿಸಿದರೆ ಗೊಣಗಬೇಡ. 2002ರಲ್ಲಿ ಮಾರ್ಷಲ್ ಈ ಆಂಪನ್ನು 2203ಎಕ್ಸ್ ಎಂದು ಮತ್ತೆ ತಂದಾಗ ಎಫೆಕ್ಟ್ಸ್ ಲೂಪ್ ಒಂದನ್ನು ಸೇರಿಸಿತು. ಅದು ಮೂಲದಲ್ಲಿ ಇರಲಿಲ್ಲ ಎಂದು ಮುಖ ಗಂಟಿಕ್ಕಿದವರಿದ್ದಾರೆ. ನಾನಂತೂ ಸೇರಿಸಿದವರ ಪಕ್ಷ. ಡಿಲೇ ಪೆಡಲನ್ನು ಡಿಸ್ಟಾರ್ಷನ್ನಿಗೆ ಮುಂಚೆ ಇಟ್ಟರೆ ಮರುದನಿಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅದು ಡಿಸ್ಟಾರ್ಷನ್ನಿನ ನಂತರ ಬರುವ ಲೂಪ್‌ನಲ್ಲೇ ಇರಬೇಕು.

ಮೆಸಾದ ಮಾರ್ಕ್ IIಸಿ+ ಕಥೆ ಇನ್ನೊಂದು ಥರ. 1980ರ ದಶಕದಲ್ಲಿ ಕೆಲವೇ ಕಾಲ ತಯಾರಾದ ಆಂಪ್ ಅದು. ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ 2011ರಲ್ಲಿ ಬಂದ ಮೆಟಾಲಿಕಾ ಬ್ಯಾಂಡ್, 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ಮಿನ ಧ್ವನಿಮುದ್ರಣದಲ್ಲಿ ಬಳಸಿದ್ದೂ ಅದನ್ನೇ. ಆಮೇಲೆ ಅದರ ಬೆಲೆ ಸಾಮಾನ್ಯರ ಕೈಗೆಟುಕದಷ್ಟು ಏರಿತು. 2024ರಲ್ಲಿ ಕಂಪನಿ ಅದನ್ನು ಮತ್ತೆ ತಯಾರಿಸಿದಾಗ ಜನ ಮುಗಿಬಿದ್ದದ್ದು ಸಹಜವೇ. ಒಂದು ನೆನಪಿಟ್ಟುಕೋ: ಅದರ ಐದು ಪಟ್ಟಿಯ ಈಕ್ವಲೈಜರಿನಲ್ಲಿ ನಡುವಿನ 750 ಹರ್ಟ್ಸ್ ಸ್ಲೈಡರನ್ನು ಕೆಳಗೆಳೆಯದೆ ಆ ಪ್ರಸಿದ್ಧ ದನಿ ಬರುವುದಿಲ್ಲ. ಎಳೆದು ಮನೆಯಲ್ಲಿ ಒಬ್ಬನೇ ನುಡಿಸಿದರೆ ಬಲು ಸೊಗಸು. ಬ್ಯಾಂಡ್ ಜೊತೆ ಅಷ್ಟೇ ಎಳೆದರೆ ನೀನು ಡ್ರಮ್ಮಿನ ಅಡಿ ಕಾಣೆಯಾಗುತ್ತೀಯ.

ಈಗ ವಾಟ್ ವಿಚಾರ. ಬಾಡಿಗೆ ಮನೆಯಲ್ಲಿ 100 ವಾಟ್ ಇಟ್ಟುಕೊಂಡು ಏನು ಮಾಡುತ್ತೀಯ? 2019ರಲ್ಲಿ ಮಾರ್ಷಲ್ ಇದೇ 2203ನ್ನು 20 ವಾಟಿಗೆ ಇಳಿಸಿ ಎಸ್‌ಸಿ20 ಎಂದು ತಂದಿತು. ಸದ್ದು ಐದನೇ ಒಂದು ಪಾಲಾಯಿತು ಎಂದುಕೊಳ್ಳಬೇಡ. 100ಕ್ಕೂ 20ಕ್ಕೂ ವ್ಯತ್ಯಾಸ ಬರೀ 7 ಡೆಸಿಬಲ್. ಕಿವಿಗೆ ಸದ್ದು ಅರ್ಧ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಅದರಲ್ಲಿರುವ 5 ವಾಟಿನ ಸ್ವಿಚ್ಚಿಗೂ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಬಹುದು. ಆದರೂ ನಿನಗೆ ಅದೇ ಸರಿ. ಪವರ್ ವಾಲ್ವ್ ಸ್ವಲ್ಪ ಬೆವರಿದಾಗ ಮಾತ್ರ ಈ ಆಂಪ್‌ಗಳು ಪೂರ್ತಿ ಬಾಯಿಬಿಡುತ್ತವೆ, 100 ವಾಟಿನದ್ದರ ಮಾಸ್ಟರ್ ವಾಲ್ಯೂಮ್ ಗುಂಡಿಯನ್ನು ಒಂದರ ಕೆಳಗೇ ಇಟ್ಟುಕೊಂಡು ಕೂತರೆ ಆ ಹಂತಕ್ಕೆ ನೀನು ಮುಟ್ಟುವುದೇ ಇಲ್ಲ.

ವಾಲ್ವುಗಳ ವಿಷಯದಲ್ಲಿ ಹಳೆಯದಕ್ಕೆ ಹಂಬಲಿಸಿ ಸಾಲ ಮಾಡಬೇಡ. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೂ ಒಂದು ಕಾಲಕ್ಕೆ ರೇಡಿಯೊ ವಾಲ್ವುಗಳು ತಯಾರಾಗುತ್ತಿದ್ದವು. ಬೆಂಗಳೂರಿನ ಇಸಿಸಿ83 ಎಂದರೆ ಈಗಲೂ ಹುಡುಕುವವರಿದ್ದಾರೆ, ಹೇಳಲು ಹೆಮ್ಮೆ. ಆದರೆ ಇವತ್ತು ಕೈಗೆ ಸಿಗುವುದು ಸ್ಲೊವಾಕಿಯಾ, ರಷ್ಯಾ, ಚೀನಾದ ವಾಲ್ವುಗಳು. ಚೆನ್ನಾಗಿಯೇ ಇವೆ. ಆ ದುಡ್ಡನ್ನು ಸ್ಪೀಕರಿಗೆ ಹಾಕು. ಸ್ಪೀಕರ್ ಬದಲಿಸಿದರೆ ಆಗುವಷ್ಟು ವ್ಯತ್ಯಾಸ ವಾಲ್ವ್ ಬದಲಿಸಿದರೆ ಆಗುವುದಿಲ್ಲ.

ಇನ್ನೆರಡು ಮಾತನ್ನು ಕಿವಿ ಹಿಂಡಿಯೇ ಹೇಳಬೇಕು. ಸ್ಪೀಕರ್ ಸೇರಿಸದೆ ಆಂಪ್ ಆನ್ ಮಾಡಲೇಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಎಸ್.ಪಿ. ರಸ್ತೆಯಿಂದ ಕೆಪಾಸಿಟರ್ ತಂದು ನೀನೇ ಬಿಚ್ಚಲು ಕೂರಬೇಡ. ಒಳಗೆ 450 ವೋಲ್ಟ್‌ಗೂ ಮೀರಿದ ಡಿಸಿ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರುತ್ತದೆ. ಬಲ್ಲವರ ಕೈಗೇ ಕೊಡು. ಅಮೆರಿಕದಿಂದ ಯಾರಾದರೂ ತಂದುಕೊಡುವುದಾದರೆ ಹಿಂಬದಿಯಲ್ಲಿ 120 ವೋಲ್ಟ್ ಎಂದಿದೆಯೋ 230 ಎಂದಿದೆಯೋ ನೋಡಿಯೇ ನಮ್ಮ ಗೋಡೆಯ ಪ್ಲಗ್ಗಿಗೆ ಹಾಕು.

ಅಂಗಡಿಗೆ ನಿನ್ನದೇ ಗಿಟಾರ್ ಹೊತ್ತುಕೊಂಡು ಹೋಗು, ಪೆಡಲ್ ಒಂದೂ ಬೇಡ. ಗೇನ್ ಏಳಕ್ಕಿಟ್ಟು ಒಂದು ರಿಫ್ ನುಡಿಸು. ಆಮೇಲೆ ಆಂಪ್ ಮುಟ್ಟದೆ ಗಿಟಾರಿನ ವಾಲ್ಯೂಮನ್ನಷ್ಟೇ ಹತ್ತರಿಂದ ಆರಕ್ಕೆ ಇಳಿಸಿ, ಮೆಲ್ಲಗೆ ಒಂದು ಕಾರ್ಡ್ ಮೀಟು. ದನಿ ತಿಳಿಯಾಗಬೇಕು, ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಬೇಕು. ಮತ್ತೆ ಜೋರಾಗಿ ಮೀಟಿದ ಕೂಡಲೇ ಗುಡುಗಬೇಕು. ಅಷ್ಟು ಮಾಡಿದರೆ ಮುಂಗಡ ಕೊಟ್ಟು ಬಾ. ನೀನು ಮನೆಯಲ್ಲಿ ನುಡಿಸುವಷ್ಟೇ ಸದ್ದಿನಲ್ಲಿ ಇನ್ನೊಂದು ಸಲ ನೋಡುತ್ತೇನೆ ಅಂದಾಗ ಮಾರುವವನು ಅವಸರಪಡಿಸಿದರೆ, ಬೇರೆ ಅಂಗಡಿಗೆ ಹೋಗು.