ಓದ್ತಿದ್ದೀನಿ ಅನ್ನೋ ಹುಡುಗರಿಗೆ

ತಮ್ಮಾ, ನಮ್ಮ ದಾವಣಗೆರೆಯ ಎಸ್.ಎಸ್. ಬಡಾವಣೆಯ ಬಾಡಿಗೆ ರೂಮುಗಳಲ್ಲಿ ಡಿಗ್ರಿ ಮುಗಿದ ಮೇಲೂ ಉಳಿದಿರೋ ಹುಡುಗರನ್ನ ಏನು ಮಾಡ್ತಿದ್ದೀರಪ್ಪಾ ಅಂತ ಕೇಳಿದರೆ, ‘ಓದ್ತಿದ್ದೀನಿ ಸಾರ್’ ಅಂತಾರೆ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಯಾವುದು ಕರೆದರೆ ಅದಕ್ಕೆ ಅರ್ಜಿ. ಓದೋದು ತಪ್ಪಲ್ಲ. ಆದರೆ ಪರೀಕ್ಷೆ ನಿನ್ನ ಕೈಯಲ್ಲಿಲ್ಲ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕುಲಗೆಟ್ಟಿದ್ದಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ರೂಮಿನ ಬಾಡಿಗೆ ಮಾತ್ರ ಅಪ್ಪ ತಿಂಗಳು ತಿಂಗಳೂ ಕಟ್ಟಲೇಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ತಂದ ವರದಿ ನೋಡು: ನಮ್ಮ ದೇಶದ ಯುವಜನರಲ್ಲಿ 2022ರಲ್ಲಿ ಪದವೀಧರರ ನಿರುದ್ಯೋಗ ಶೇ 29.1, ಓದುಬರಹ ಬಾರದವರದು ಶೇ 3.4. ಅಕ್ಷರ ಬಾರದವರಿಗೆ ಒಳ್ಳೆ ಕೆಲಸ ಕಾದಿದೆ ಅಂತಲ್ಲ. ಅವರಿಗೆ ಕೂತು ಉಣ್ಣೋ ಅನುಕೂಲ ಇಲ್ಲ, ಸಿಕ್ಕ ಕೂಲಿಗೆ ಹೋಗ್ತಾರೆ. ನಿನಗೆ ಆ ಅನುಕೂಲವನ್ನ ಮನೆಯವರು ಮಾಡಿಕೊಟ್ಟಿದ್ದಾರೆ.

ತಪ್ಪೆಲ್ಲ ನಿಮ್ಮದು ಅಂತ ನಾನು ಹೇಳಲಾರೆ. ದಾವಣಗೆರೆಯ ಹತ್ತಿ ಮಿಲ್ಲುಗಳು ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು. ಕಾಲೇಜುಗಳು ಮಾತ್ರ ಹೆಚ್ಚಿದವು, 2009ರಲ್ಲಿ ವಿಶ್ವವಿದ್ಯಾಲಯವೂ ಬಂತು.

ಆದರೂ ಒಂದು ಮಾತು ಕೇಳು. ಬಿ.ಕಾಂ. ಮುಗಿಸಿದ ಎಷ್ಟೋ ಮಕ್ಕಳಿಗೆ ಜಿಎಸ್‌ಟಿ ರಿಟರ್ನ್ ತುಂಬಲು ಬರೋದಿಲ್ಲ. ತಿಂಗಳ 20ನೇ ತಾರೀಖು ಹತ್ತಿರ ಬಂದಾಗ ಯಾವುದಾದರೂ ಆಡಿಟರ್ ಆಫೀಸಿಗೆ ಹೋಗಿ ನೋಡು: ಬಿಲ್ಲಿನ ಕಟ್ಟು ಹಿಡಿದ ಅಂಗಡಿಯವರು, ತಾಳೆಯಾಗದ ಲೆಕ್ಕ, ಮೇಲೆ ಮೇಲೆ ಫೋನು. ಅಲ್ಲಿ ಒಂದು ವರ್ಷ ಕೂತರೆ ಕಾಲೇಜು ಕಲಿಸದ್ದು ಕಲೀತೀಯ. ಸಂಬಳ ಕಡಿಮೆ, ನಿಜ. ಎಂಜಿನಿಯರಿಂಗ್ ಆದವರಿಗೆ ಅಪ್ರೆಂಟಿಸ್ ತರಬೇತಿ ಇದೆ. 1961ರ ಕಾಯ್ದೆಯದು, ಸ್ಟೈಪೆಂಡೂ ಸಿಗುತ್ತೆ. ಈಗ ಬೇರೆ ಪದವಿಯವರಿಗೂ ಅವಕಾಶವಿದೆ.

ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡೋ ಯುವನಿಧಿಯ 3,000 ರೂಪಾಯಿ ಎರಡೇ ವರ್ಷ. ಕೆಲಸಕ್ಕೆ ಸೇರಿದರೆ ಅದು ನಿಲ್ಲುತ್ತೆ ಅಂತ ಸಣ್ಣ ಕೆಲಸವನ್ನ ಬಿಟ್ಟುಕೊಡಬೇಡ.

ಓದು ಬಿಡು ಅಂತ ಹೇಳ್ತಿಲ್ಲ, ಬೆಳಗಿನ ಜಾವ ಓದು. ಎಷ್ಟು ವರ್ಷ ಅಂತ ಅಪ್ಪ ಅಮ್ಮನ ಎದುರೇ ಹೇಳಿಬಿಡು. ಬರೋ ಸೋಮವಾರ ಮಂಡಿಪೇಟೆಗೆ ಹೋಗಿ, ನಾಲ್ಕು ಕಡೆ ಕೆಲಸ ಕೇಳಿ ಬಾ.