ಮಂಗಳೂರಿನ ಕುಡಿಯುವ ನೀರು ಮತ್ತು ರಾಸಾಯನಿಕ ದ್ರಾವಕಗಳು

• ನಗರದ ಮುಖ್ಯ ಜಲಮೂಲ: ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟು.

• ದ್ರಾವಕಗಳ ವಿಷಯದಲ್ಲಿ ನಿಗಾ ಬೇಕಾದ ತಾಣ: ಬೈಕಂಪಾಡಿ ಕೈಗಾರಿಕಾ ಪ್ರದೇಶ. ಇಲ್ಲಿನ ತೋಕೂರು ಹಳ್ಳ ಫಲ್ಗುಣಿ (ಗುರುಪುರ) ನದಿ ಸೇರುತ್ತದೆ.

• ಪ್ರಮುಖ ದ್ರಾವಕಗಳು: ಬೆಂಜೀನ್, ಟೊಲುಯೀನ್, ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್.

• ಗುಣ: ಬೆಂಜೀನ್ ನೀರಿಗಿಂತ ಹಗುರ, ತೇಲುತ್ತದೆ. ಟ್ರೈಕ್ಲೋರೋಎಥಿಲೀನ್ ಭಾರ, ಅಂತರ್ಜಲದ ತಳಕ್ಕಿಳಿದು ದಶಕಗಳ ಕಾಲ ಉಳಿಯಬಲ್ಲದು.

• ಅಪಾಯ: ಬೆಂಜೀನ್, ಟ್ರೈಕ್ಲೋರೋಎಥಿಲೀನ್ ಎರಡೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ದೃಢಪಟ್ಟಿದೆ.

• ಮಿತಿ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೆಂಜೀನ್ ಲೀಟರಿಗೆ 0.01 ಮಿ.ಗ್ರಾಂ.

• ಪರಿಹಾರ: ಕ್ಲೋರಿನ್ ಹಾಕಿದರೆ ಸಾಲದು, ನೀರಿಗೆ ಗಾಳಿ ಹಾಯಿಸುವುದು, ಸಕ್ರಿಯ ಇಂಗಾಲದ ಶೋಧಕ ಬಳಸುವುದು.

• ಕಾನೂನು: ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ, 1974, ಕುಡಿಯುವ ನೀರಿನ ಮಾನದಂಡ ಐಎಸ್ 10500.

ನೆನಪಿಡಿ: ಕೆಟ್ಟ ಅಂತರ್ಜಲವನ್ನು ಶುದ್ಧಗೊಳಿಸುವುದಕ್ಕಿಂತ ದ್ರಾವಕ ನೆಲಕ್ಕಿಳಿಯದಂತೆ ತಡೆಯುವುದೇ ಸುಲಭ.